ಪೊಮ್ಮಾರ್ 2005: ಒಂದೇ ಕೇಸ್, ಬೇರೆ ಬೇರೆ ವಯಸ್ಸಿನ ರುಚಿ

ಹಳೇ ಬರ್ಗಂಡಿ, ಅಂದರೆ ಫ್ರಾನ್ಸ್‌ನ ಬರ್ಗಂಡಿ ಪ್ರಾಂತ್ಯದ ವೈನ್, ಅಂದ ಕೂಡಲೇ ಎಲ್ಲರೂ ಕೇಳುವುದು ಎಷ್ಟು ವರ್ಷ ಇಡಬೇಕು ಅಂತ. ನಾನು ಹಿಡಿದ ದಾರಿ ಸುಲಭದ್ದೇ, ಆದರೆ ತಾಳ್ಮೆ ಬೇಕು. ಒಂದೇ ವೈನಿನ ಒಂದು ಕೇಸ್ (ಬಾಟಲಿಗಳ ಪೆಟ್ಟಿಗೆ) ತಗೊಂಡು, ನಾಲ್ಕಾರು ವರ್ಷಕ್ಕೊಮ್ಮೆ ಒಂದೊಂದು ಬಾಟಲಿ ತೆಗೆಯುವುದು. ನಾನಿರುವುದು ಫ್ರಾನ್ಸ್‌ನ ಲಿಯೋನ್‌ನಲ್ಲಿ. ಅಲ್ಲಿಂದ ಬರ್ಗಂಡಿಯ ಬೋನ್ ಊರಿಗೆ ರೈಲಿದೆ, ಬೋನ್ ಪಕ್ಕದಲ್ಲೇ ಪೊಮ್ಮಾರ್ ಹಳ್ಳಿ. ಅಲ್ಲಿನ 2005ರ ಪ್ರೀಮಿಯೆ ಕ್ರೂ (ಮೇಲ್ದರ್ಜೆಯ ತೋಟದ ವೈನ್) ತಂದು, ತಂಪಾದ ನೆಲಮಾಳಿಗೆಯಲ್ಲಿ ಅಡ್ಡಡ್ಡ ಮಲಗಿಸಿಟ್ಟೆ.

ಈ ವೈನಿನ ದ್ರಾಕ್ಷಿ ಪಿನೋ ನ್ವಾರ್. ಸಿಪ್ಪೆ ತೆಳು, ಪಕ್ಕದ ವೋಲ್ನೆ ಹಳ್ಳಿಯಲ್ಲಿ ನಾಜೂಕಾಗಿ ಇರುತ್ತದೆ. ಪೊಮ್ಮಾರ್‌ನ ಜೇಡಿ ಮಣ್ಣಲ್ಲಿ ಅದೇ ದ್ರಾಕ್ಷಿ ಗಡಸು. ಅದರ ಮೇಲೆ 2005 ಮಳೆ ಕಮ್ಮಿಯಾದ ವರ್ಷ. ಹಾಗಾಗಿ ಮೊದಲ ಬಾಟಲಿ ತೆಗೆದಾಗ ಚೆರಿ, ರಾಸ್ಬೆರಿ ಘಮ ಚೆನ್ನಾಗಿಯೇ ಇತ್ತು, ಆದರೆ ನುಂಗಿದ ಮೇಲೆ ಎಳೆ ಅಡಿಕೆ ಜಗಿದ ಹಾಗೆ ಒಸಡೆಲ್ಲ ಒಗರು.

ಹತ್ತು ವರ್ಷದ ಹೊತ್ತಿಗೆ ಇನ್ನೂ ಕಷ್ಟ. ಹಣ್ಣಿನ ಘಮವೇ ಇಲ್ಲ, ಹುಳಿ ಮತ್ತು ಒಗರು ಅಷ್ಟೇ. ಒಳ್ಳೇ ಬರ್ಗಂಡಿ ನಡುವಯಸ್ಸಲ್ಲಿ ಹೀಗೆ ಮುದುಡಿಕೊಳ್ಳುವುದುಂಟು, ಜಾಸ್ತಿ ಜನ ವೈನ್ ಹೋಯ್ತು ಅಂದುಕೊಳ್ಳುವುದೂ ಆಗಲೇ. ನಾನು ಮಾಡುವುದು ಇಷ್ಟು: ಅರ್ಧ ಬಾಟಲಿಗೆ ಬಿರಡೆ ಹಾಕಿ ಫ್ರಿಜ್‌ನಲ್ಲಿಟ್ಟು ಮಾರನೇ ದಿನ ಮತ್ತೆ ನೋಡುವುದು. ನಿಜವಾಗಿ ಮುಗಿದ ವೈನ್ ಆದರೆ ಕತ್ತರಿಸಿಟ್ಟ ಸೇಬಿನ ವಾಸನೆ ಬಂದಿರುತ್ತದೆ, ಸಪ್ಪೆಯಾಗಿರುತ್ತದೆ. ನನ್ನದರಲ್ಲಿ ಚೆರಿ ಸ್ವಲ್ಪ ತಲೆ ಎತ್ತಿತ್ತು. ಸರಿ ಅಂತ ಉಳಿದ ಬಾಟಲಿಗಳನ್ನು ಮುಟ್ಟದೆ ಬಿಟ್ಟೆ.

ಈಚೆಗೆ ತೆಗೆದದ್ದು ಬೇರೆಯೇ ವೈನ್ ಅನ್ನಬೇಕು. ಗ್ಲಾಸನ್ನು ಬಿಳಿ ಕಾಗದದ ಮೇಲೆ ಓರೆ ಮಾಡಿ ಹಿಡಿದರೆ ನಡುವೆ ಕೆಂಪು, ಅಂಚಿಗೆ ಹೋದಂತೆ ಇಟ್ಟಿಗೆ ಬಣ್ಣ, ತುದಿಯಲ್ಲಿ ಹೆಚ್ಚುಕಮ್ಮಿ ನೀರು. ಟ್ಯಾನಿನ್ (ಒಗರು ಕೊಡುವ ಅಂಶ) ಮತ್ತು ಬಣ್ಣದ ಕಣಗಳು ವರ್ಷಗಟ್ಟಲೆ ಒಂದಕ್ಕೊಂದು ಅಂಟಿಕೊಂಡು, ಭಾರವಾಗಿ, ಗಸಿಯಾಗಿ ತಳಕ್ಕಿಳಿಯುತ್ತವೆ. ಬಣ್ಣ ತಿಳಿಯಾಗುವುದಕ್ಕೂ ಒಗರು ಮೆತ್ತಗಾಗುವುದಕ್ಕೂ ಇದೊಂದು ಕಾರಣ. ಆ ಗಸಿ ಗ್ಲಾಸಿಗೆ ಬಂದರೆ ಕಹಿ, ಅದಕ್ಕೇ ಹಿಂದಿನ ದಿನವೇ ಬಾಟಲಿ ನೆಟ್ಟಗೆ ನಿಲ್ಲಿಸಿ, ಬಗ್ಗಿಸುವಾಗ ಕುತ್ತಿಗೆ ಹಿಂದೆ ಮೊಬೈಲ್ ಟಾರ್ಚ್ ಹಿಡಿಯುತ್ತೇನೆ. ಕಪ್ಪು ಎಳೆ ಹರಿದು ಬರುವುದು ಕಂಡ ಕೂಡಲೇ ನಿಲ್ಲಿಸಿಬಿಡಬೇಕು, ಕೊನೆಯ ಅರ್ಧ ಗ್ಲಾಸ್ ಹೋದರೆ ಹೋಗಲಿ.

ಡಿಕ್ಯಾಂಟರ್‌ಗೆ, ಅಂದರೆ ಅಗಲ ತಳದ ಗಾಜಿನ ಹೂಜಿಗೆ, ಸುರಿಯುವುದು ನನಗೆ ಇಷ್ಟವಿಲ್ಲ, ಹಳೇ ಪಿನೋಗೆ ಒಮ್ಮೆಲೇ ಅಷ್ಟು ಗಾಳಿ ತಾಗಿದರೆ ಘಮ ಬೇಗ ಹಾರಿಹೋಗುತ್ತದೆ. ದೊಡ್ಡ ಗ್ಲಾಸಿಗೆ ಸ್ವಲ್ಪವೇ ಹಾಕಿ, 15 ಡಿಗ್ರಿ ಆಸುಪಾಸಿನಲ್ಲಿ ಶುರು ಮಾಡುತ್ತೇನೆ. ಮೊದಲು ಬಂದದ್ದು ಮುಚ್ಚಿಟ್ಟ ಕೋಣೆಯ ಮುಗ್ಗು ವಾಸನೆ. ಅರ್ಧ ಗಂಟೆಯಲ್ಲಿ ಅದು ಹೋಗಿ ಅಣಬೆ, ಒದ್ದೆ ತರಗೆಲೆ, ಆಮೇಲೆ ಒಣಗಿದ ಚೆರಿ. ಒಗರು ಈಗ ಹಾಲು ಹಾಕದ ಟೀ ಅಷ್ಟು. ಎರಡನೇ ಗಂಟೆ ದಾಟಿದ ಮೇಲೆ ಘಮ ಇಳಿಯತೊಡಗಿತು, ಹಾಗಾಗಿ ಮುಂದಿನ ಬಾಟಲಿಗಳನ್ನು ಒಂದೇ ಕೂರಿಕೆಯಲ್ಲಿ ಮುಗಿಸುವುದು ಅಂತ ಇದ್ದೇನೆ.

ಜೊತೆಗೆ ಏನು ಅಂತ ಕೇಳಿದರೆ, ಉಪ್ಪು ಬೆಣ್ಣೆ ಹಾಕಿ ಹುರಿದ ಅಣಬೆ, ಇಲ್ಲಾ ಸುಮ್ನೆ ರೋಸ್ಟ್ ಮಾಡಿದ ಕೋಳಿ. ನಮ್ಮ ಖಾರದ ಕೋಳಿ ಸಾರು ಬೇಡವೇ ಬೇಡ, ಖಾರ ಬಿದ್ದರೆ ಒಗರೂ ಆಲ್ಕೋಹಾಲೂ ಎದ್ದು ನಿಲ್ಲುತ್ತವೆ, ಉಳಿದದ್ದೇನೂ ನಾಲಿಗೆಗೆ ತಿಳಿಯುವುದಿಲ್ಲ.