ಕೊಕ್ಕು ಕಿತ್ತ ಹದ್ದಿಗೆ ಊಟ ಎಂತ?

ಪರದೆಯ ಮೇಲೆ ಹದ್ದಿನ ದೊಡ್ಡ ಫೋಟೋ ಇತ್ತು. ನಾನು ದನಿ ತಗ್ಗಿಸಿ ಕತೆ ಹೇಳುತ್ತಿದ್ದೆ. ಹದ್ದಿಗೆ 70 ವರ್ಷ ಆಯಸ್ಸು. ಆದರೆ 40ಕ್ಕೇ ಅದರ ಕೊಕ್ಕು ಬಾಗುತ್ತದೆ, ಉಗುರು ಮೊಂಡಾಗುತ್ತದೆ, ರೆಕ್ಕೆ ಭಾರವಾಗುತ್ತದೆ. ಆಗ ಅದು ಬೆಟ್ಟದ ತುದಿಗೆ ಹೋಗಿ ಬಂಡೆಗೆ ಕುಟ್ಟಿ ಕುಟ್ಟಿ ಕೊಕ್ಕು ಉದುರಿಸಿಕೊಳ್ಳುತ್ತದೆ. ಹೊಸ ಕೊಕ್ಕು ಬಂದಮೇಲೆ ಹಳೇ ಉಗುರು ಕೀಳುತ್ತದೆ. ಹೊಸ ಉಗುರು ಬಂದಮೇಲೆ ಹಳೇ ಪುಕ್ಕ. ಐದು ತಿಂಗಳ ನೋವು. ಆಮೇಲೆ ಮತ್ತೆ 30 ವರ್ಷ ಹಾರಾಟ.

ಇಲ್ಲಿ ಎರಡು ಸೆಕೆಂಡ್ ಮಾತಾಡದೆ ನಿಲ್ಲಬೇಕು ಅಂತ ನಮಗೆ ಹೇಳಿಕೊಟ್ಟಿದ್ದರು. ನಿಂತೆ.

ಎರಡನೇ ಸಾಲಿನಿಂದ ಹೆಡ್ ಕ್ಯಾಷಿಯರ್ ಮೇಡಂ ಒಬ್ಬರು ಕೈ ಎತ್ತಿದರು. ಕುಂದಾಪುರದ ಕಡೆಯವರು, ರಿಟೈರ್ ಆಗಲು ಮೂರು ವರ್ಷ ಬಾಕಿ. "ಸರ್, ಕೊಕ್ಕು ಕಿತ್ತ ಮೇಲೆ ಹೊಸದು ಬರುವ ತನಕ ಅದು ತಿನ್ನುವುದು ಎಂತ?"

ಇಡೀ ಕ್ಲಾಸು ನಕ್ಕಿತು. "ಅದು ಕತೆ ಅಲ್ವಾ ಮೇಡಂ" ಅಂದೆ. "ಹೌದಾ? ನೀವು ನಿಜ ಅಂತ ಹೇಳಿದ ಹಾಗಿತ್ತು" ಅಂದು ಅವರು ತಮ್ಮ ನೋಟ್‌ಪ್ಯಾಡಿಗೆ ತಿರುಗಿದರು. ಆ ಪ್ಯಾಡಿನಲ್ಲಿ ಬೆಳಗಿನಿಂದ ಅವರು ಬರೆದದ್ದು ದಿನಾಂಕ ಮಾತ್ರ.

ನಾನು ಬ್ಯಾಂಕಿನ ತರಬೇತಿ ಕೇಂದ್ರದಲ್ಲಿ ಪಾಠ ಮಾಡುತ್ತಿದ್ದವನು. ಯಾವ ಬ್ಯಾಂಕು ಅನ್ನೋದು ಇಲ್ಲಿ ಬೇಡ. ಆ ಕಾಲ ಹೇಗಿತ್ತು ಅಂದರೆ, ಮೂರೇ ವರ್ಷದಲ್ಲಿ ಕರ್ನಾಟಕದಲ್ಲಿ ಹುಟ್ಟಿದ ನಾಲ್ಕು ಬ್ಯಾಂಕುಗಳ ಬೋರ್ಡು ಇಳಿಯಿತು. 2017ರ ಏಪ್ರಿಲ್ 1ಕ್ಕೆ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಎಸ್‌ಬಿಐಗೆ ಸೇರಿತು. 2019ರ ಏಪ್ರಿಲ್ 1ಕ್ಕೆ ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದೊಳಗೆ ಹೋಯಿತು. 2020ರ ಏಪ್ರಿಲ್ 1ಕ್ಕೆ, ಲಾಕ್‌ಡೌನ್ ನಡುವೆಯೇ, ಸಿಂಡಿಕೇಟ್ ಕೆನರಾಗೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ. ಏಪ್ರಿಲ್ ಒಂದು ಅಂದರೆ ನಮ್ಮ ವಲಯದಲ್ಲಿ ಯಾರಿಗೂ ತಮಾಷೆ ಅನಿಸದ ಹಾಗಾಗಿತ್ತು. ಕಾಗದದ ಮೇಲೆ ವಿಲೀನ ಒಂದೇ ದಿನದ ಕೆಲಸ. ಕೌಂಟರಿನಲ್ಲಿ ಕೂತವನಿಗೆ ಅದು ತಿಂಗಳುಗಟ್ಟಲೆ ಎಳೆಯುತ್ತದೆ: ಹೊಸ ಸಾಫ್ಟ್‌ವೇರ್, ಹೊಸ ಐಎಫ್‌ಎಸ್‌ಸಿ, ಹೊಸ ಚೆಕ್‌ಬುಕ್ಕು, ಹೊಸ ಸಹಿ ಅಧಿಕಾರ, ಹೊಸ ಬಾಸು.

ಇದಕ್ಕೆ ಸಿಬ್ಬಂದಿಯನ್ನು ತಯಾರು ಮಾಡಲು ಎರಡು ದಿನದ ಕಾರ್ಯಕ್ರಮ. ಮೊದಲ ಅರ್ಧ ದಿನ ಪೂರ್ತಿ 'ಮನೋಭಾವ'. ಮೇಲಿನಿಂದ ಬಂದ ಸ್ಲೈಡುಗಳಲ್ಲಿ ಮೂರು ಕತೆ. ಒಂದು ಹದ್ದು. ಇನ್ನೊಂದು ನಿಧಾನವಾಗಿ ಬಿಸಿಯಾಗುವ ನೀರಿನಲ್ಲಿ ಕೂತು ಸಾಯುವ ಕಪ್ಪೆ. ಮೂರನೆಯದು ಇಲಿ ಮತ್ತು ಚೀಸಿನದು, ಚೀಸು ಇದ್ದ ಜಾಗದಿಂದ ಮಾಯವಾದರೆ ಕೊರಗದೆ ಹೊಸದು ಹುಡುಕಿಕೊಂಡು ಹೋಗು ಅನ್ನುವುದು; 1998ರಲ್ಲಿ ಅಮೆರಿಕದಲ್ಲಿ ಪುಸ್ತಕವಾಗಿ ಬಂದು, ಕಂಪನಿಗಳೇ ರಾಶಿಗಟ್ಟಲೆ ಕೊಂಡು ನೌಕರರಿಗೆ ಹಂಚಿದ ಕತೆ. ನಮ್ಮ ಕಡೆ ಚೀಸಿಗೆ ಅಂಥ ಮರ್ಯಾದೆ ಇಲ್ಲ ಅಂತ ನಾನೇ ಅದನ್ನು ಕೊಬ್ಬರಿ ಮಾಡಿಕೊಂಡಿದ್ದೆ. ನಿಜ ಹೇಳಬೇಕೆಂದರೆ ಈ ಕತೆಗಳು ನನಗೆ ಇಷ್ಟವಾಗಿದ್ದವು. ಹೇಳುವವನಿಗೆ ಕಷ್ಟ ಇಲ್ಲ, ಕೇಳುವವರು ನಿದ್ದೆ ಮಾಡಲ್ಲ, ಫೀಡ್‌ಬ್ಯಾಕ್ ಫಾರಂನಲ್ಲಿ ಒಳ್ಳೆ ಮಾರ್ಕು ಬರುತ್ತಿತ್ತು.

ಅವತ್ತು ರಾತ್ರಿ ಹಾಸ್ಟೆಲ್ ರೂಮಿನಲ್ಲಿ ಕೂತು ಹದ್ದಿನ ವಿಷಯ ಓದಿದೆ. ಕತೆ ಪೂರ್ತಿ ಬೊಗಳೆ. ಹದ್ದಿನ ಕೊಕ್ಕು, ಉಗುರು ನಮ್ಮ ಉಗುರಿನ ಹಾಗೆಯೇ ಬೆಳೆಯುತ್ತಾ ಸವೆಯುತ್ತಾ ಇರುತ್ತವೆ. ಪುಕ್ಕ ಒಂದೊಂದಾಗಿ ತಾನೇ ಉದುರಿ ಹೊಸದು ಬರುತ್ತದೆ. ಕಾಡಿನಲ್ಲಿ 70 ವರ್ಷ ಬದುಕುವ ಹದ್ದೇ ಇಲ್ಲ. ಕೊಕ್ಕು ಕಿತ್ತುಕೊಂಡ ಹದ್ದು ಹಸಿವಿನಿಂದ ಸಾಯುತ್ತದೆ, ಮೇಡಂ ಕೇಳಿದ್ದು ಅದನ್ನೇ. ಕಪ್ಪೆಯದ್ದೂ ಅಷ್ಟೇ. 1869ರಲ್ಲಿ ಗೋಲ್ಟ್ಸ್ ಎಂಬ ಜರ್ಮನ್ ವಿಜ್ಞಾನಿ ಈ ಪ್ರಯೋಗ ಮಾಡಿ ನೋಡಿದ್ದ. ನೀರು ಬಿಸಿಯಾದಂತೆ ಕಪ್ಪೆ ಒದ್ದಾಡಿತು, ತಪ್ಪಿಸಿಕೊಳ್ಳಲು ನೋಡಿತು. ಸುಮ್ಮನೆ ಕೂತೇ ಇದ್ದದ್ದು ಮೆದುಳು ತೆಗೆದ ಕಪ್ಪೆ ಮಾತ್ರ. ಇದನ್ನು ಓದಿ ಒಬ್ಬನೇ ನಕ್ಕೆ, ಆಮೇಲೆ ಸ್ವಲ್ಪ ನಾಚಿಕೆಯೂ ಆಯಿತು. ಇಷ್ಟು ದಿನ ನಾನು ನನ್ನ ಕ್ಲಾಸನ್ನು ಯಾವ ಕಪ್ಪೆ ಅಂದುಕೊಂಡಿದ್ದೆ?

ಕತೆ ನಿಜವಾಗಿರಬೇಕು ಅಂತೇನಿಲ್ಲ, ನರಿ ದ್ರಾಕ್ಷಿ ತಿನ್ನುತ್ತಾ ಅಂತ ಯಾರೂ ಕೇಳಲ್ಲ. ನನಗೆ ಚುಚ್ಚಿದ್ದು ಬೇರೆ.

ಆ ಕ್ಲಾಸಿನಲ್ಲಿ ಕೂತಿದ್ದವರು ಯಾರು ಅಂತ ಒಮ್ಮೆ ಯೋಚಿಸಿ. ಅರ್ಧದಷ್ಟು ಜನ ಐವತ್ತು ದಾಟಿದವರು. ಕೆಲಸಕ್ಕೆ ಸೇರಿದಾಗ ಎರಡು ಕೈಯಲ್ಲಿ ಎತ್ತಬೇಕಾದ ಲೆಡ್ಜರ್ ಪುಸ್ತಕ. ಆಮೇಲೆ ಲೆಡ್ಜರಿನ ಲೆಕ್ಕ ಏರಿಸುವ ಎಎಲ್‌ಪಿಎಂ ಮೆಷಿನ್ ಬಂತು, ಅದರ ಕಿರಿಕಿರಿ ಕಲಿತರು. ಆಮೇಲೆ ಬ್ರಾಂಚ್ ಪೂರ್ತಿ ಕಂಪ್ಯೂಟರ್. ಆಮೇಲೆ ಸಿಬಿಎಸ್, ಅಂದರೆ ಯಾವ ಊರಿನ ಖಾತೆಯ ವ್ಯವಹಾರವನ್ನಾದರೂ ಇಲ್ಲೇ ಕೂತು ಮಾಡುವ ವ್ಯವಸ್ಥೆ. ಇದೆಲ್ಲ ಮುಗಿಯಿತು ಅನ್ನುವಾಗ 2016ರ ನವೆಂಬರ್ 8ರ ರಾತ್ರಿ. ಐನೂರು, ಸಾವಿರದ ನೋಟು ರದ್ದು. ಹೊಸ ಎರಡು ಸಾವಿರದ ನೋಟಿನ ಅಳತೆ ಬೇರೆ, ಎಟಿಎಂ ಒಳಗಿನ ಕ್ಯಾಸೆಟ್ಟಿಗೆ ಅದು ಹಿಡಿಸುತ್ತಿರಲಿಲ್ಲ. ಡಿಸೆಂಬರ್ 30ರ ತನಕ ಈ ಜನ ರಾತ್ರಿ ಎಷ್ಟೊತ್ತಿಗೆ ಮನೆಗೆ ಹೋದರು ಅಂತ ಅವರ ಮನೆಯವರನ್ನು ಕೇಳಬೇಕು. ಕುಂದಾಪುರದ ಆ ಮೇಡಂ ಅಷ್ಟೂ ದಿನ ಒಂದು ರೂಪಾಯಿ ಶಾರ್ಟ್ ಬಾರದಂತೆ ಕ್ಯಾಶ್ ಟ್ಯಾಲಿ ಮಾಡಿದವರು. ಇಂಥವರ ಮುಂದೆ ನಿಂತು ನಾನು ಬದಲಾವಣೆಗೆ ಹೆದರಬೇಡಿ ಅಂತ ಹದ್ದಿನ ಚಿತ್ರ ತೋರಿಸುತ್ತಿದ್ದೆ.

ಕತೆ ಸುಲಭವಾಗಿರೋದು ತಪ್ಪಲ್ಲ. ಆದರೆ ಅದು ಬಾಯಿ ಬಿಡುವ ಮೊದಲೇ ತೀರ್ಪು ಕೊಟ್ಟಿರುತ್ತದೆ: ತೊಂದರೆ ಇರುವುದು ನಿನ್ನ ಮನಸ್ಸಿನಲ್ಲಿ. ಇಲಿ ಕತೆಯಲ್ಲಿ ಚೀಸು ಯಾಕೆ ಮಾಯವಾಯಿತು ಅಂತ ತಲೆ ಕೆಡಿಸಿಕೊಳ್ಳುವವನೇ ದಡ್ಡ. ಅಂಥ ಕತೆಯನ್ನು ಚೀಸು ತೆಗೆದ ಕಡೆಯವರೇ ಹೇಳಿದರೆ ಕೇಳುವವನಿಗೆ ಅದು ಬುದ್ಧಿವಾದ ಅನಿಸಲ್ಲ, ಬೈಗುಳ ಅನಿಸುತ್ತದೆ.

ಮುಂದಿನ ಬ್ಯಾಚಿಗೆ ನಾನು ಸ್ಲೈಡು ಹಾಕಲಿಲ್ಲ. ಅನುಮತಿ ಕೇಳಲೂ ಇಲ್ಲ, ಕೇಳಿದ್ದರೆ ಸಿಗುತ್ತಿರಲಿಲ್ಲ. ಬೆಳಿಗ್ಗೆ ಎಲ್ಲರಿಗೂ ಒಂದೊಂದು ಖಾಲಿ ವೌಚರ್ ಕೊಟ್ಟು, ಹಿಂಬದಿಯಲ್ಲಿ ನಿದ್ದೆ ಕೆಡಿಸುವ ಒಂದು ಪ್ರಶ್ನೆ ಬರೆಯಿರಿ, ಹೆಸರು ಬೇಡ ಅಂದೆ. ಬಿಸ್ಕೆಟ್ ಡಬ್ಬಿಯಲ್ಲಿ ಮೂವತ್ತಕ್ಕೂ ಜಾಸ್ತಿ ಚೀಟಿ ಬಿದ್ದವು. ಕೆಲವು ಇನ್ನೂ ನನ್ನ ಹತ್ತಿರ ಇವೆ.

"ನಮ್ಮ ಊರಲ್ಲಿ ಎರಡೂ ಬ್ಯಾಂಕಿನ ಬ್ರಾಂಚು ಎದುರುಬದುರು ಇದೆ. ಮುಚ್ಚೋದು ಯಾವುದು?" "ಸೀನಿಯಾರಿಟಿ ಲಿಸ್ಟಿನಲ್ಲಿ ನಾನು ಅವರ ಬ್ಯಾಂಕಿನವರಿಗಿಂತ ಕೆಳಗೆ ಹೋಗ್ತೇನಾ?" "ಸ್ಟಾಫ್ ಹೌಸಿಂಗ್ ಲೋನಿನ ಬಡ್ಡಿ ಬದಲಾಗ್ತದಾ?" "ಹಳೇ ಚೆಕ್ ವಾಪಸ್ ಬಂದರೆ ಗಿರಾಕಿ ಹತ್ತಿರ ಬೈಸಿಕೊಳ್ಳೋದು ನಾವಾ?" "ಮಗಳು ಎಸ್ಸೆಸ್ಸೆಲ್ಸಿ. ಟ್ರಾನ್ಸ್‌ಫರ್ ಪರೀಕ್ಷೆಗೆ ಮೊದಲಾ, ಆಮೇಲಾ?"

ಒಂದೇ ಒಂದು ಚೀಟಿಯಲ್ಲೂ ಬದಲಾವಣೆ ಅನ್ನೋ ಪದ ಇರಲಿಲ್ಲ.

ಅರ್ಧದಷ್ಟಕ್ಕೆ ಉತ್ತರ ಸರ್ಕ್ಯುಲರಿನಲ್ಲೇ ಇತ್ತು, ಆದರೆ ಆ ಸರ್ಕ್ಯುಲರ್ ಹನ್ನೊಂದು ಪುಟದ ಇಂಗ್ಲಿಷು. ಅದನ್ನು ಕನ್ನಡದಲ್ಲಿ ಬಿಡಿಸಿ ಹೇಳಿದೆ. ಕೆಲವಕ್ಕೆ ಊಟದ ಬಿಡುವಿನಲ್ಲಿ ಎಚ್‌ಆರ್‌ಗೆ ಫೋನ್ ಮಾಡಿದೆ. ಉಳಿದದ್ದನ್ನು ಬೋರ್ಡಿನ ಒಂದು ಮೂಲೆಯಲ್ಲಿ 'ಗೊತ್ತಿಲ್ಲ' ಅಂತ ಬರೆದು ಅದರ ಕೆಳಗೆ ಪಟ್ಟಿ ಮಾಡಿದೆ. ಆ ಮೂಲೆ ನೋಡಿ ಜನ ಸಿಟ್ಟಾಗಬಹುದು ಅಂದುಕೊಂಡಿದ್ದೆ. ಆಗಲಿಲ್ಲ. ಇಷ್ಟು ಮಾತ್ರ ಗೊತ್ತಿಲ್ಲ, ಉಳಿದದ್ದು ಗೊತ್ತು ಅಂತ ಕಣ್ಣಿಗೆ ಕಂಡರೆ ಹೊಟ್ಟೆಯೊಳಗಿನ ಸಂಕಟ ಕಮ್ಮಿಯಾಗುತ್ತದೋ ಏನೋ.

ಕೊನೆಯ ಚೀಟಿಯಲ್ಲಿ ಪುಟ್ಟ ಅಕ್ಷರದಲ್ಲಿ ಹೀಗಿತ್ತು: "ಬೋರ್ಡು ಇಳಿಸುವ ದಿನ ನಾನು ರಜೆ ಹಾಕಬಹುದಾ?"

ಇದನ್ನು ಓದಿದಾಗ ಕ್ಲಾಸಿನಲ್ಲಿ ಸದ್ದಿಲ್ಲ. ಇದಕ್ಕೆ ಯಾವ ಸರ್ಕ್ಯುಲರೂ ಇಲ್ಲ. ಹದ್ದೂ ಇಲ್ಲ. ಇದು ಹೆದರಿಕೆ ಅಲ್ಲ, ದುಃಖ. ಕರಾವಳಿಯಲ್ಲಿ ಬ್ಯಾಂಕು ಅಂದರೆ ಸಂಬಳ ಕೊಡುವ ಜಾಗ ಮಾತ್ರ ಅಲ್ಲ. ಪಿಗ್ಮಿ, ಅಂದರೆ ದಿನಕ್ಕಿಷ್ಟು ಅಂತ ಚಿಲ್ಲರೆ ಉಳಿತಾಯ, ಕಟ್ಟಿ ಮಗಳ ಮದುವೆ ಮಾಡಿದವರ ಮನೆಯಿಂದಲೇ ಬಂದು ಕೌಂಟರಿನಲ್ಲಿ ಕೂತವರು ಇದ್ದಾರೆ. 1928ರಲ್ಲಿ ಸಿಂಡಿಕೇಟ್ ಬ್ಯಾಂಕು ಆ ಯೋಜನೆ ತಂದಾಗ ದಿನಕ್ಕೆ ಎರಡಾಣೆಯಿಂದ ಶುರುವಾಗುತ್ತಿತ್ತು ಅಂತ ನಮ್ಮ ಅಜ್ಜಂದಿರು ಹೇಳುತ್ತಿದ್ದರು. ನಾನು ಉತ್ತರ ಹುಡುಕಲು ಹೋಗಲಿಲ್ಲ. ನಿಮ್ಮ ಮೊದಲ ಪೋಸ್ಟಿಂಗ್ ಎಲ್ಲಿ ಅಂತ ಮೂಲೆಯಲ್ಲಿದ್ದವರನ್ನು ಕೇಳಿದೆ ಅಷ್ಟೆ. ಒಂದೂವರೆ ಗಂಟೆ ಹೋಯಿತು. ಬಾಡಿಗೆ ಮನೆ ಸಿಗದೆ ಬ್ರಾಂಚಿನ ಮಾಳಿಗೆಯಲ್ಲೇ ಮಲಗಿದ್ದು, ಸ್ಟ್ರಾಂಗ್‌ರೂಮಿನ ಎರಡನೇ ಬೀಗದ ಕೈ ಕಳೆದು ಊರೆಲ್ಲ ಹುಡುಕಿದ್ದು, ಅಡವಿಟ್ಟ ಕರಿಮಣಿ ಬಿಡಿಸಿಕೊಂಡ ಹೆಂಗಸು ಕೌಂಟರಿನಲ್ಲೇ ಅತ್ತದ್ದು. ಯಾವುದಕ್ಕೂ ನೀತಿ ಇರಲಿಲ್ಲ. ಟೀ ತಣ್ಣಗಾಯಿತು.

ಮಧ್ಯಾಹ್ನದ ಮೇಲೆ ಒಬ್ಬ ಕ್ಲರ್ಕು ತಾನಾಗಿಯೇ ಪಂಚತಂತ್ರದ ಮೂರು ಮೀನಿನ ಕತೆ ತೆಗೆದ. ನಾಳೆ ಬಲೆ ಹಾಕೋಣ ಅಂತ ಮೀನುಗಾರರು ಮಾತಾಡಿದ್ದು ಕೇಳಿ ಒಂದು ಮೀನು ಆ ರಾತ್ರಿಯೇ ಕೆರೆ ಬಿಡುತ್ತದೆ. ಎರಡನೆಯದು ಬಲೆಗೆ ಬಿದ್ದಮೇಲೆ ಸತ್ತಂತೆ ನಟಿಸಿ ತಪ್ಪಿಸಿಕೊಳ್ಳುತ್ತದೆ. ಮೂರನೆಯದು, ಆಗುವುದು ಆಗಲಿ ಅಂತ ಕೂತು ಸಾಯುತ್ತದೆ. ಹೇಳಿ ಮುಗಿಸುವಷ್ಟರಲ್ಲಿ ಜಗಳ ಶುರು. "ಮೊದಲನೇದು ವಿಆರ್‌ಎಸ್ ತಗೊಂಡ ಮೀನು ಮಾರಾಯ್ರೆ, ಅದಕ್ಕೆ ಕೈಯಲ್ಲಿ ದುಡ್ಡಿತ್ತು." "ಎರಡನೇದು ನಮ್ಮ ಮ್ಯಾನೇಜರು, ಇನ್‌ಸ್ಪೆಕ್ಷನ್ ಬಂದರೆ ಹಾಗೇ ಬಿದ್ದಿರ್ತಾರೆ." ಹಿಂದಿನ ಸಾಲಿನಿಂದ ಇನ್ನೊಬ್ಬರು, "ಮೂರನೇದನ್ನ ದಡ್ಡ ಅನ್ನಬೇಡಿ, ಅದು ರಿಕ್ವೆಸ್ಟ್ ಟ್ರಾನ್ಸ್‌ಫರ್ ಹಾಕಿತ್ತು, ಆರ್ಡರ್ ಬರಲಿಲ್ಲ."

ಅಲ್ಲಿಂದ ಆ ಬ್ಯಾಚಿನಲ್ಲಿ ಅದು ಒಂದು ಗುಟ್ಟಿನ ಮಾತಾಯಿತು. ತಿಂಗಳುಗಳ ನಂತರವೂ ಫೋನ್ ಮಾಡಿದರೆ, "ಹೇಗಿದ್ದೀರಿ?" ಅಂದಾಗ "ಸದ್ಯಕ್ಕೆ ಎರಡನೇ ಮೀನು ಸರ್" ಅನ್ನುತ್ತಿದ್ದರು. ನನಗೆ ಭಯ ಆಗ್ತಿದೆ ಅಂತ ಯಾವ ಗಂಡಸು ಬ್ಯಾಂಕಿನಲ್ಲಿ ಬಾಯಿ ಬಿಟ್ಟು ಹೇಳುತ್ತಾನೆ? ಮೀನಿನ ಹೆಸರಲ್ಲಿ ಹೇಳಬಹುದು. ಕತೆಯಿಂದ ಆಗುವ ಉಪಕಾರ ನಾನು ಕಂಡದ್ದು ಇಷ್ಟು, ಮತ್ತು ಇದು ಚಿಕ್ಕದಲ್ಲ.

ಇಲಿ ಕತೆಗೂ ಒಂದು ಮಾತು ಸಲ್ಲಬೇಕು. ಐಟಿ ಕೆಲಸ ಬಿಟ್ಟು ಪ್ರೊಬೇಷನರಿ ಆಫೀಸರ್ ಆಗಿ ಬಂದಿದ್ದ ಒಬ್ಬ ಹುಡುಗ ಬಿಡುವಿನಲ್ಲಿ ಹತ್ತಿರ ಬಂದು, ತನಗೆ ಹಳೇ ಕೆಲಸ ಬಿಡುವ ಧೈರ್ಯ ಬಂದದ್ದೇ ಆ ಪುಸ್ತಕದಿಂದ ಅಂದ. ನಂಬುತ್ತೇನೆ. ಅವನು ಅದನ್ನು ತಾನೇ ಕೊಂಡು, ತಾನೇ ಓದಿ, ತನ್ನ ಬಗ್ಗೆ ತಾನೇ ತೀರ್ಮಾನ ಮಾಡಿದ್ದ. ಅವನ ಕೈಗೆ ಅದನ್ನು ಯಾರೂ ತುರುಕಿರಲಿಲ್ಲ.

ಎರಡನೇ ದಿನ ಪೂರ್ತಿ ಹೊಸ ಸ್ಕ್ರೀನ್ ಮುಂದೆ ಅಭ್ಯಾಸ. ಅದರ ಬಗ್ಗೆ ಹೇಳುವಂಥದ್ದು ಜಾಸ್ತಿ ಇಲ್ಲ. ಬೆರಳಿಗೆ ಹಳೇ ಕೋಡು ಮರೆಯಬೇಕಾದರೆ ಐವತ್ತು ಸಲ ತಪ್ಪು ಒತ್ತಬೇಕು, ಬೈಯುವವರಿಲ್ಲದ ಕಡೆ ಒತ್ತಬೇಕು, ಅಷ್ಟೇ.

ಸಾಫ್ಟ್‌ವೇರ್ ಬದಲಾದ ವಾರ ನಮ್ಮನ್ನು ಬ್ರಾಂಚುಗಳಿಗೆ ಸಹಾಯಕ್ಕೆ ಹಾಕಿದ್ದರು. ನನಗೆ ಸಿಕ್ಕಿದ್ದು ಕುಂದಾಪುರದ ಮೇಡಂ ಇದ್ದ ಬ್ರಾಂಚು. ಸೋಮವಾರ, ಪೆನ್ಷನ್ ರಶ್ಶು, ಕ್ಯೂ ಮೆಟ್ಟಿಲು ದಾಟಿ ರಸ್ತೆಗೆ ಬಂದಿತ್ತು. ಪಾಸ್‌ಬುಕ್ ಪ್ರಿಂಟರ್ ಒಂದು ಗೆರೆ ಕೆಳಗೆ ಹೊಡೆಯುತ್ತಿತ್ತು, ಬ್ಯಾಲೆನ್ಸು ಬಂದು ಅಂಚಿನಲ್ಲಿ ಕೂರುತ್ತಿತ್ತು. ಮೇಡಂ ಪ್ರತಿ ಪಾಸ್‌ಬುಕ್ಕಿನ ಅಡಿಗೆ ಮಡಿಸಿದ ಚಲನ್ ಒಂದನ್ನು ಇಟ್ಟು ಒಂದು ಗೆರೆ ಎತ್ತರಿಸಿ ಒಳಗೆ ತಳ್ಳುತ್ತಿದ್ದರು. ಸರಿಯಾಗಿ ಬೀಳುತ್ತಿತ್ತು.

ಅವರ ಮಾನಿಟರಿನ ಬದಿಗೆ ಸೆಲ್ಲೋಟೇಪಿನಿಂದ ಅಂಟಿಸಿದ ರಟ್ಟು. ಔಷಧಿ ಡಬ್ಬಿ ಬಿಚ್ಚಿ ಮಾಡಿದ್ದು. ಎಡಕ್ಕೆ 'ಹಳೇದು', ಬಲಕ್ಕೆ 'ಹೊಸದು', ನಡುವೆ ಸ್ಕೇಲ್ ಇಟ್ಟು ಎಳೆದ ಗೆರೆ. ಹಣ ಕಟ್ಟಲು ಇದು, ತೆಗೆಯಲು ಇದು, ತಪ್ಪಾದರೆ ರಿವರ್ಸ್ ಮಾಡಲು ಇದು. ರಿವರ್ಸಿನ ಕೋಡಿಗೆ ಕೆಂಪು ಇಂಕು. ಪಕ್ಕದ ಎರಡು ಕೌಂಟರಿನಲ್ಲೂ ಅದರದೇ ಜೆರಾಕ್ಸ್ ನೇತಾಡುತ್ತಿತ್ತು. ರಟ್ಟಿನ ಕೆಳಗಿನ ಮೂಲೆಯಲ್ಲಿ ಪೆನ್ಸಿಲ್ಲಿನಲ್ಲಿ ಒಂದು ಹಕ್ಕಿ, ಕೊಕ್ಕು ಭದ್ರವಾಗಿಯೇ ಇತ್ತು.

"ಇದು ಯಾರ ಕೆಲಸ ಮೇಡಂ?" ಅಂದೆ.

"ಮೊಮ್ಮಗಳದ್ದು" ಅಂದರು, ನೋಟು ಎಣಿಸುತ್ತಾ. "ಸರ್, ನಿಂತೇ ಇರ್ತೀರಲ್ಲ, ಆ ಕ್ಯೂನಲ್ಲಿ ಪೆನ್ಷನ್‌ನವರನ್ನ ಸ್ವಲ್ಪ ಒಳಗೆ ಕೂರಿಸಿ. ಬಿಸಿಲು."