ಹಾಜರಿ ಪುಸ್ತಕದಿಂದ ಊಟದ ಪಂಕ್ತಿಯವರೆಗೆ: ಎಸ್‌ಡಿಎಂಸಿ ಸದಸ್ಯರು ಶಾಲೆಯಲ್ಲಿ ಗಮನಿಸಬೇಕಾದದ್ದು

ಸರ್ಕಾರಿ ಶಾಲೆಯ ಎಸ್‌ಡಿಎಂಸಿಗೆ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ) ಹೊಸದಾಗಿ ಆಯ್ಕೆಯಾದ ಪೋಷಕರ ಕಣ್ಣು ಸಾಮಾನ್ಯವಾಗಿ ಮೊದಲು ಹೋಗುವುದು ಸೋರುವ ಕೊಠಡಿ, ಬಿದ್ದ ಕಾಂಪೌಂಡು, ನೀರಿಲ್ಲದ ಶೌಚಾಲಯಗಳ ಕಡೆಗೆ. ಅದು ನೋಡಬೇಕಾದದ್ದೇ. ಆದರೆ ಮಗು ತರಗತಿಯಲ್ಲಿ ಯಾರ ಪಕ್ಕ ಕೂರುತ್ತದೆ, ಯಾರೊಡನೆ ಉಣ್ಣುತ್ತದೆ, ಯಾವ ಕೆಲಸ ಬಂದಾಗ ಅದರ ಹೆಸರನ್ನು ಕೂಗುತ್ತಾರೆ ಎಂಬುದು ಅದಕ್ಕಿಂತ ಕಡಿಮೆ ಮುಖ್ಯವಲ್ಲ. ಊರಿನಲ್ಲಿ ತನ್ನ ಸ್ಥಾನ ಯಾವುದೆಂಬುದನ್ನು ಮಗು ಸಮಾಜ ವಿಜ್ಞಾನದ ಪುಸ್ತಕಕ್ಕಿಂತ ಹೆಚ್ಚಾಗಿ ಇವುಗಳಿಂದಲೇ ಕಲಿಯುತ್ತದೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ ಸಮಿತಿಯಲ್ಲಿ ಮುಕ್ಕಾಲು ಭಾಗ ಪೋಷಕರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು, ಅವಕಾಶವಂಚಿತ ಕುಟುಂಬಗಳ ಪೋಷಕರಿಗೆ ಅವರ ಮಕ್ಕಳ ಪ್ರಮಾಣಕ್ಕೆ ತಕ್ಕ ಸ್ಥಾನ ಸಿಗಬೇಕು ಎಂದು ಹೇಳುತ್ತದೆ. ಆದ್ದರಿಂದ ಮೊದಲ ಸಭೆಯಲ್ಲೇ ಸದಸ್ಯರ ಪಟ್ಟಿಯನ್ನು ಎದುರಿಗಿಟ್ಟುಕೊಂಡು, ಕೇರಿ, ತಾಂಡಾ ಮತ್ತು ಹಟ್ಟಿಗಳಿಂದ ಬಂದವರು ಸಹಿ ಹಾಕುವುದಕ್ಕಷ್ಟೇ ಇದ್ದಾರೆಯೇ, ಮಾತನಾಡುತ್ತಲೂ ಇದ್ದಾರೆಯೇ ಎಂದು ನೋಡಿಕೊಳ್ಳಿ.

ಮುಂದಿನ ಕೆಲಸ ಶಾಲೆಯ ಹೊರಗಿರುವ ಮಕ್ಕಳನ್ನು ಗುರುತಿಸುವುದು. ಹಾಜರಿ ಪುಸ್ತಕದಲ್ಲಿ ಇಲ್ಲದ ಹೆಸರು ಹಾಜರಿ ಪುಸ್ತಕ ನೋಡಿದರೆ ಸಿಗುವುದಿಲ್ಲ. ಅಂಗನವಾಡಿ ಕಾರ್ಯಕರ್ತೆ ಮತ್ತು ಆಶಾ ಕಾರ್ಯಕರ್ತೆಯರೊಡನೆ ಕುಳಿತು ಮನೆಮನೆಯ ಲೆಕ್ಕ ಹಾಕಬೇಕು. ಕಬ್ಬು ಕಡಿಯುವವರ ಗುಡಿಸಲು, ಇಟ್ಟಿಗೆ ಭಟ್ಟಿ, ಕಟ್ಟಡ ಕೆಲಸದವರ ಶೆಡ್ಡುಗಳನ್ನೂ ಬಿಡಬಾರದು. ಅಲ್ಲಿನ ಮಗುವನ್ನು ಕರೆತಂದಾಗ ಜನನ ಪ್ರಮಾಣಪತ್ರವಿಲ್ಲ, ವರ್ಗಾವಣೆ ಪತ್ರವಿಲ್ಲ, ದಾಖಲಾತಿಯ ಅವಧಿ ಮುಗಿದಿದೆ ಎಂಬ ಮೂರು ಮಾತುಗಳಲ್ಲಿ ಒಂದು ಕೇಳಿಬರಬಹುದು. ಈ ಮೂರರಲ್ಲಿ ಯಾವುದೂ ಪ್ರವೇಶ ನಿರಾಕರಿಸಲು ಕಾರಣವಾಗುವುದಿಲ್ಲವೆಂದು ಕಾಯ್ದೆಯ 5, 14 ಮತ್ತು 15ನೇ ಕಲಂಗಳು ಸ್ಪಷ್ಟಪಡಿಸುತ್ತವೆ. ಹತ್ತು ವರ್ಷದ ಹುಡುಗಿಯನ್ನು ಒಂದನೇ ತರಗತಿಯಲ್ಲಿ ಕೂರಿಸುವಂತೆಯೂ ಇಲ್ಲ. 4ನೇ ಕಲಮಿನ ಪ್ರಕಾರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ, ಹಿಂದೆ ಉಳಿದ ಪಾಠಕ್ಕೆ ವಿಶೇಷ ತರಬೇತಿ ಕೊಡಬೇಕು. ಹೀಗೆ ತಡವಾಗಿ ಸೇರಿದ ಮಗುವಿಗೆ ಹದಿನಾಲ್ಕು ತುಂಬಿದ ಮೇಲೂ ಎಂಟನೇ ತರಗತಿ ಮುಗಿಯುವವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಅಂಗವಿಕಲ ಮಕ್ಕಳ ವಿಷಯದಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ಗೊತ್ತುಪಡಿಸಿದ ಪ್ರಮಾಣದ ಅಂಗವೈಕಲ್ಯವುಳ್ಳವರಿಗೆ ಈ ಹಕ್ಕನ್ನು ಹದಿನೆಂಟು ವರ್ಷದವರೆಗೆ ವಿಸ್ತರಿಸಿದೆ.

ದಾಖಲಾತಿ ಮುಗಿದರೆ ಕೆಲಸ ಮುಗಿಯಿತೆಂದುಕೊಳ್ಳುವ ಶಾಲೆಗಳೇ ಹೆಚ್ಚು. ನನ್ನ ದೃಷ್ಟಿಯಲ್ಲಿ ನಿಜವಾದ ಕೆಲಸ ಶುರುವಾಗುವುದೇ ಅಲ್ಲಿಂದ. ತಿಂಗಳಿಗೊಮ್ಮೆಯಾದರೂ, ಮೊದಲೇ ತಿಳಿಸದೆ, ಅರ್ಧ ದಿನ ಶಾಲೆಯಲ್ಲಿ ಕುಳಿತು ನೋಡಿ. ಒಂದೇ ಕೇರಿಯ ಮಕ್ಕಳು ದಿನವೂ ಹಿಂದಿನ ಸಾಲಿನಲ್ಲಿದ್ದರೆ, ಅದು ಸ್ನೇಹದಿಂದ ಆದದ್ದೋ ಅಭ್ಯಾಸದಿಂದ ಆದದ್ದೋ ಎಂದು ಚರ್ಚಿಸುವುದಕ್ಕಿಂತ ವಾರಕ್ಕೊಮ್ಮೆ ಜಾಗ ಬದಲಿಸುವ ಪದ್ಧತಿಯನ್ನು ತರುವುದು ಸುಲಭ. ಚಟುವಟಿಕೆಗಳ ಮೂಲಕ ಕಲಿಸುವ ನಲಿಕಲಿ ತರಗತಿಗಳಲ್ಲಿ ಮಕ್ಕಳು ಕಲಿಕೆಯ ಹಂತಕ್ಕೆ ತಕ್ಕಂತೆ ಗುಂಪುಗಳಲ್ಲಿ ಕೂರುತ್ತಾರೆ. ಒಂದು ಗುಂಪಿನಲ್ಲಿದ್ದ ಮಗು ತನ್ನ ವೇಗಕ್ಕೆ ತಕ್ಕಂತೆ ಮುಂದಿನದಕ್ಕೆ ಸಾಗಬೇಕೆಂಬುದು ಈ ಪದ್ಧತಿಯ ಜೀವಾಳ. ಮನೆಯಲ್ಲಿ ಲಂಬಾಣಿ ಅಥವಾ ಉರ್ದು ಮಾತನಾಡುವ ಮಕ್ಕಳೇ ಶಿಕ್ಷಕರ ಸಹಾಯ ಬೇಕಾದ ಗುಂಪಿನಲ್ಲಿ ತಿಂಗಳುಗಟ್ಟಲೆ ಉಳಿದಿದ್ದರೆ, ತೊಡಕಿರುವುದು ಬುದ್ಧಿಯಲ್ಲಲ್ಲ, ಭಾಷೆಯಲ್ಲಿ. ಮನೆಯ ಆ ಭಾಷೆಯನ್ನೂ ಕನ್ನಡವನ್ನೂ ಬಲ್ಲ ದೊಡ್ಡ ಮಗುವನ್ನು ದಿನಕ್ಕೆ ಅರ್ಧ ಗಂಟೆ ಜೊತೆಗೆ ಕೂರಿಸುವಂತೆ ಶಿಕ್ಷಕರನ್ನು ಕೇಳಬಹುದು.

ಕೆಲಸಗಳ ಹಂಚಿಕೆಯನ್ನು ಗೋಡೆಯ ಮೇಲೆ ಬರೆಸಿ. ಹೆಣ್ಣುಮಕ್ಕಳು ಕಸ ಗುಡಿಸುವುದು, ಗಂಡುಮಕ್ಕಳು ಗಂಟೆ ಬಾರಿಸುವುದು, ಮೇಲ್ಜಾತಿಯ ಮಗುವೇ ಮೇಷ್ಟ್ರಿಗೆ ನೀರು ತಂದುಕೊಡುವುದು: ಇವೆಲ್ಲ ಯಾರೂ ಆದೇಶ ಹೊರಡಿಸದೆ ನಡೆದುಬಂದ ಪದ್ಧತಿಗಳಾದ್ದರಿಂದ, ಸರದಿಯ ಪಟ್ಟಿಯೊಂದು ಕಣ್ಣೆದುರಿಗೆ ಬರುವವರೆಗೆ ಯಾರ ಗಮನಕ್ಕೂ ಬರುವುದಿಲ್ಲ. ಶೌಚಾಲಯ ತೊಳೆಯುವ ಕೆಲಸವನ್ನು ಮಾತ್ರ ಸರದಿಗೂ ಸೇರಿಸಬೇಡಿ. ಅದನ್ನು ಯಾವ ಮಗುವಿನಿಂದಲೂ ಮಾಡಿಸಕೂಡದು. ವಿದ್ಯಾರ್ಥಿವೇತನದ ಅರ್ಜಿಗಾಗಿ ‘ಎಸ್‌ಸಿ, ಎಸ್‌ಟಿ ಮಕ್ಕಳು ಎದ್ದು ನಿಲ್ಲಿ’ ಎಂದು ತರಗತಿಯಲ್ಲಿ ಕೂಗುವ ರೂಢಿ ಇದ್ದರೆ ಅದನ್ನೂ ನಿಲ್ಲಿಸಿ, ಪೋಷಕರಿಗೆ ನೇರವಾಗಿ ತಿಳಿಸುವಂತೆ ಹೇಳಿ.

ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ಊಟದ ಪಡಸಾಲೆ. 2002ರಲ್ಲಿ ಆರಂಭವಾದ ಅಕ್ಷರ ದಾಸೋಹ, ಅಂದರೆ ಮಧ್ಯಾಹ್ನದ ಬಿಸಿಯೂಟ, ಹಸಿವಿಗೆ ಉತ್ತರವಾಗಿದ್ದಂತೆ, ಸಹಪಂಕ್ತಿಯನ್ನು ಕಾಣದ ಊರುಗಳಲ್ಲಿ ಮಕ್ಕಳನ್ನು ಒಂದೇ ಸಾಲಿನಲ್ಲಿ ಕೂರಿಸಿತು ಕೂಡ. ಅದು ತಾನಾಗಿಯೇ ಉಳಿಯುವುದಿಲ್ಲ. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಂದ ಮೊಟ್ಟೆ ವಿತರಣೆ ಶುರುವಾಗಿ, ತಿನ್ನದವರಿಗೆ ಬಾಳೆಹಣ್ಣು ಎಂದಾಯಿತು. ಆಯ್ಕೆ ಸರಿಯಾದದ್ದೇ, ಆದರೆ ಮೊಟ್ಟೆಯವರ ಸಾಲು, ಬಾಳೆಹಣ್ಣಿನವರ ಸಾಲು ಎಂದು ಬೇರೆ ಮಾಡಿದೊಡನೆ ಹಳೆಯ ಪಂಕ್ತಿಭೇದ ಹೊಸ ಹೆಸರಿನಲ್ಲಿ ಮರಳುತ್ತದೆ. ಎಲ್ಲರನ್ನೂ ಬೆರೆಸಿ ಕೂರಿಸಿ, ಬಡಿಸುವವರೇ ಎರಡೂ ಬುಟ್ಟಿ ಹಿಡಿದು ಸಾಲಿನುದ್ದಕ್ಕೂ ಬರಲಿ. ದಲಿತ ಅಡುಗೆಯವರು ಮಾಡಿದ ಊಟವನ್ನು ಕೆಲವು ಮನೆಯವರು ಬೇಡವೆಂದರೆ ಅಡುಗೆಯವರನ್ನು ಬದಲಿಸುವ ರಾಜಿಗೆ ಒಪ್ಪಲೇಬೇಡಿ. ಅಧ್ಯಕ್ಷರೂ ಸದಸ್ಯರೂ ಒಂದು ವಾರ ಮಕ್ಕಳೊಡನೆ ಅದೇ ಊಟ ಮಾಡಿ, ಆಮೇಲೆ ಆ ಮನೆಗಳಿಗೆ ಹೋಗಿ ಮಾತನಾಡಲಿ.

ಇಷ್ಟಾದರೂ ತಾರತಮ್ಯ ನಿಲ್ಲದಿದ್ದರೆ ಬಾಯಿಮಾತಿನ ದೂರು ಸಾಲದು. ಸಭೆಯ ನಡಾವಳಿಯಲ್ಲಿ ದಿನಾಂಕ ಸಹಿತ ದಾಖಲಿಸಿ, ಶಿಕ್ಷಣ ಹಕ್ಕು ಕಾಯ್ದೆಯ 32ನೇ ಕಲಮಿನಡಿ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಡಿ. ಅದು ಮೂರು ತಿಂಗಳೊಳಗೆ ತೀರ್ಮಾನಿಸಬೇಕು, ತೀರ್ಮಾನ ಒಪ್ಪಿಗೆಯಾಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು. ದೂರಿನಲ್ಲಿ ಮಗುವಿನ ಹೆಸರು ಬರೆಯುವ ಮುನ್ನ ಆ ಮಗುವನ್ನೂ ಮನೆಯವರನ್ನೂ ಕೇಳಿ, ಏಕೆಂದರೆ ಮರುದಿನ ಅದೇ ತರಗತಿಗೆ ಹೋಗಿ ಕೂರಬೇಕಾದದ್ದು ಆ ಮಗುವೇ.