ಕಿಟ್ ಇಲ್ದೆ 1/10 ಸ್ಕೇಲಿನ ಹಾಕರ್ ಹಂಟರ್ ಕಟ್ಟಿದ್ದು: ನನ್ನ ಅನುಭವ

ಹಂಟರ್ ಅನ್ನೋ ಹಳೇ ಬ್ರಿಟಿಷ್ ಫೈಟರ್ ಜೆಟ್ಟಿನ ಮಾಡೆಲ್ ಕಟ್ಬೇಕು ಅಂತ ತೀರ್ಮಾನ ಮಾಡ್ದಾಗ್ಲೇ ಬಣ್ಣ ಯಾವುದು ಅಂತಾನೂ ತೀರ್ಮಾನ ಆಗಿತ್ತು, ಪೂರ್ತಿ ಕಪ್ಪು, ಅದೂ ಗ್ಲಾಸಿ ಕಪ್ಪು. ಬ್ರಿಟನ್ನಿನ ರಾಯಲ್ ಏರ್ ಫೋರ್ಸಿನ 111ನೇ ಸ್ಕ್ವಾಡ್ರನ್ ಇತ್ತಲ್ಲ, ಬ್ಲ್ಯಾಕ್ ಆರೋಸ್ ಅಂತ, 1958ರ ಫಾರ್ನ್‌ಬರೋ ಏರ್ ಶೋದಲ್ಲಿ 22 ಹಂಟರ್‌ಗಳನ್ನ ಒಟ್ಟಿಗೆ ಲೂಪ್ ಹೊಡೆಸಿದ್ರಲ್ಲ, ಆ ಬಣ್ಣ. ಮಾಡೆಲ್ ಮಾಡೋರು ಯಾರೇ ಆದ್ರೂ ಇದನ್ನ ಕೇಳಿದ್ರೆ ಬೇಡ ಅಂತಾರೆ. ಹಸಿರು-ಬೂದು ಕ್ಯಾಮೊಫ್ಲಾಜ್ ಹೊಡೆದ್ರೆ ಸಣ್ಣಪುಟ್ಟ ಗುಳಿ ದಿಬ್ಬ ಎಲ್ಲಾ ಬಣ್ಣದ ಪಟ್ಟೆಗಳ ನಡುವೆ ಮುಚ್ಚಿಹೋಗುತ್ತೆ, ಹೊಳೆಯೋ ಕಪ್ಪಲ್ಲಿ ಹಾಗಾಗಲ್ಲ, ಟ್ಯೂಬ್‌ಲೈಟ್ ಬೆಳಕು ಮೈಮೇಲೆ ಒಂದು ಗೆರೆಯಾಗಿ ಬೀಳುತ್ತೆ, ಎಲ್ಲಿ ಮೈ ಸೊಟ್ಟ ಇದೆಯೋ ಅಲ್ಲಿ ಗೆರೆನೂ ಸೊಟ್ಟ. ನಾನು ಬೇಕು ಅಂತಾನೇ ಅದನ್ನ ಆರಿಸ್ಕೊಂಡೆ, ಯಾಕಂದ್ರೆ ದೊಡ್ಡ ಸ್ಕೇಲಿನ ಮಾಡೆಲ್ ನೋಡೋರ ಕಣ್ಣಿಗೆ ನಿಜ ಅನ್ಸೋದು ಆಕಾರದಿಂದ, ಒಳಗಿನ ಸ್ವಿಚ್ಚು ಮೀಟರುಗಳಿಂದ ಅಲ್ಲ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಕಾಕ್‌ಪಿಟ್ಟಲ್ಲಿ ತಿಂಗಳುಗಟ್ಲೆ ಕೂತು ಮೂಗಿನ ಶೇಪ್ ಹೆಂಗೋ ಬಿಟ್ಟಿರೋ ಮಾಡೆಲ್‌ಗಳನ್ನ ಬೇಕಾದಷ್ಟು ನೋಡಿದೀನಿ.

ಸ್ಕೇಲ್ 1/10 ಯಾಕೆ ಅಂದ್ರೆ ಲೆಕ್ಕ ಸುಲಭ, ಅಷ್ಟೇ. ಎಫ್.6 ಅನ್ನೋ ನಮೂನೆಯ ನಿಜವಾದ ಹಂಟರ್ ರೆಕ್ಕೆಯ ಈ ತುದಿಯಿಂದ ಆ ತುದಿಗೆ 10.26 ಮೀಟರ್, ಉದ್ದ 13.98 ಮೀಟರ್, ಅಂದ್ರೆ ಮೇಜಿನ ಮೇಲೆ ಒಂದು ಮೀಟರ್ ಚಿಲ್ಲರೆ ಅಗಲ, 1.4 ಮೀಟರ್ ಉದ್ದ. ಪಾಯಿಂಟ್ ಒಂದು ಮನೆ ಸರಿಸಿದ್ರೆ ಸಾಕು, ಕ್ಯಾಲ್ಕುಲೇಟರ್ ಬೇಡ. ಹಂಟರೇ ಯಾಕೆ ಅನ್ನೋದಕ್ಕೆ ಕಾರಣ ಹೇಳೋದು ಕಷ್ಟ, ಸಿಡ್ನಿ ಕ್ಯಾಮ್ ಡಿಸೈನ್ ಮಾಡಿದ ವಿಮಾನ, 1951ರ ಜುಲೈ 20ಕ್ಕೆ ಟೆಸ್ಟ್ ಪೈಲಟ್ ನೆವಿಲ್ ಡ್ಯೂಕ್ ಮೊದಲ ಸಲ ಹಾರ್ಸಿದ್ದು, ಎರಡು ವರ್ಷಕ್ಕೆ ಅವರೇ ಅದರಲ್ಲಿ ಗಂಟೆಗೆ 727.63 ಮೈಲಿ ವೇಗದ ವಿಶ್ವದಾಖಲೆ ಮಾಡಿದ್ರು, ಇದೆಲ್ಲಾ ಸರಿ, ಆದ್ರೆ ನಿಜ ಹೇಳ್ಬೇಕಂದ್ರೆ ಪಕ್ಕದಿಂದ ನೋಡೋಕೆ ಅಷ್ಟು ಚೆಂದದ ಜೆಟ್ ಇನ್ನೊಂದಿಲ್ಲ.

ಮೊದಲು ಡ್ರಾಯಿಂಗ್. ಕೈಗೆ ಸಿಗೋ ಡ್ರಾಯಿಂಗ್‌ಗಳನ್ನ ನಂಬಬೇಡಿ, ಒಂದಕ್ಕೊಂದು ತಾಳೆ ಆಗಲ್ಲ. ಒಂದರಲ್ಲಿ ಟೈಲ್ ದಪ್ಪ, ಇನ್ನೊಂದರಲ್ಲಿ ಮೂಗು ಗಿಡ್ಡ. ನಾನು ಮಾಡಿದ್ದು ಇಷ್ಟು, ಖಚಿತವಾಗಿ ಗೊತ್ತಿರೋ ಅಳತೆಗಳನ್ನ (ಒಟ್ಟು ಉದ್ದ, ರೆಕ್ಕೆ ಅಗಲ) ಒಂದು ಖಾಲಿ ಹಾಳೆ ಮೇಲೆ ಹಾಕ್ಕೊಂಡು ಅದರೊಳಗೆ ಡ್ರಾಯಿಂಗ್ ಕೂರುತ್ತಾ ಅಂತ ನೋಡೋದು, ಕೂರ್ದೇ ಇದ್ರೆ ಫೋಟೋ ಜೊತೆ ಇಟ್ಟು ಯಾವ ಗೆರೆ ಸುಳ್ಳು ಅಂತ ಹುಡುಕೋದು. ಫೋಟೋದಲ್ಲೂ ಹುಷಾರು, ಹತ್ತಿರದಿಂದ ವೈಡ್ ಲೆನ್ಸಲ್ಲಿ ತೆಗೆದಿದ್ರೆ ಮೂಗು ಊದಿರುತ್ತೆ, ಬಾಲ ಸಣ್ಣಗಾಗಿರುತ್ತೆ, ದೂರದಿಂದ ಟೆಲಿ ಲೆನ್ಸಲ್ಲಿ ನೇರ ಪಕ್ಕದಿಂದ ತೆಗೆದಿರೋ ಫೋಟೋ ಒಂದಿದ್ರೆ ಅದು ಹತ್ತು ಫೋಟೋಗೆ ಸಮ. ಪ್ರಿಂಟ್ ಹಾಕ್ಸುವಾಗ ಅಡ್ಡಕ್ಕೊಂದು ಉದ್ದಕ್ಕೊಂದು 100 ಮಿಮೀ ಗೆರೆ ಡ್ರಾಯಿಂಗಲ್ಲೇ ಸೇರ್ಸಿ, ಪ್ರಿಂಟ್ ಬಂದ್ಮೇಲೆ ಸ್ಕೇಲ್ ಇಟ್ಟು ನೋಡಿ, ಎಷ್ಟೋ ಪ್ರಿಂಟರ್‌ಗಳು ಕಾಗದ ಎಳೆಯೋ ದಿಕ್ಕಲ್ಲಿ ಸ್ವಲ್ಪ ಹಿಗ್ಗಿಸ್ತವೆ, ಒಂದೂವರೆ ಮೀಟರಿಗೆ ಅದು ಸೇರ್ತಾ ಸೇರ್ತಾ ಎಲ್ಲಿಗೋ ಹೋಗುತ್ತೆ.

ಬಾಡಿ ಕಟ್ಟಿದ್ದು ಹಳೇ ಪದ್ಧತೀಲೇ. ಪಕ್ಕದ ನೋಟದ ಆಕಾರಕ್ಕೆ 6 ಮಿಮೀ ಪ್ಲೈಯಲ್ಲಿ ಒಂದು ಕೀಲ್, ಅಂದ್ರೆ ಬೆನ್ನೆಲುಬು, ಅದಕ್ಕೆ ಅಲ್ಲಲ್ಲಿ ಪಕ್ಕೆಲುಬಿನ ಥರ 3 ಮಿಮೀ ಪ್ಲೈ ಅಡ್ಡ ಹಲಗೆಗಳು (ಫಾರ್ಮರ್ ಅಂತಾರೆ), ಅರ್ಧರ್ಧ ವೃತ್ತ. ಹಂಟರಿನ ಮೈ ಬಹುಪಾಲು ದುಂಡಗಿರೋದ್ರಿಂದ ಕಂಪಾಸಲ್ಲೇ ಗೀಚ್ಬಹುದು, ಹೊಸಬ್ರಿಗೆ ಇದು ದೊಡ್ಡ ಅನುಕೂಲ. ಫಾರ್ಮರ್‌ಗಳ ನಡುವೆ ಇನ್ಸುಲೇಶನ್‌ಗೆ ಬಳಸೋ ಗಟ್ಟಿ ಫೋಮ್ ತುಂಡುಗಳನ್ನ ಅಂಟಿಸಿ, ಪ್ಲೈ ಅಂಚು ಕಾಣೋವರೆಗೂ ಉಜ್ಜೋದು. ಪ್ಲೈ ಅಂಚು ಕಂಡ್ರೆ ನಿಲ್ಲಿಸು ಅಂತ ಅರ್ಥ, ಅದೇ ನಿಮ್ಮ ಅಳತೆಗೋಲು. ಒಂದೇ ಕಡೆ ಪೂರ್ತಿ ಮುಗ್ಸಿ ಆಮೇಲೆ ಇನ್ನೊಂದು ಕಡೆ ಹಿಡ್ಕೊಂಡ್ರೆ ಅಂಟು ಒಣಗ್ತಾ ಎಳೆದು ಇಡೀ ಬಾಡಿ ಬಾಳೆಕಾಯಿ ಥರ ಬಾಗುತ್ತೆ, ಅದಕ್ಕೇ ಎಡಕ್ಕೆ ಒಂದು ತುಂಡು ಬಲಕ್ಕೆ ಒಂದು ತುಂಡು ಅಂತ ಹೋದೆ. ದಾರ ಒಂದನ್ನ ಮೂಗಿಂದ ಬಾಲಕ್ಕೆ ಬಿಗಿಯಾಗಿ ಕಟ್ಟಿಟ್ಟಿದ್ದೆ, ಕೀಲ್ ಅದರಿಂದ ಅತ್ತಿತ್ತ ಸರಿದಿದೆಯಾ ಅಂತ ಪ್ರತಿ ಸಲ ಕೂತಾಗ್ಲೂ ನೋಡ್ತಿದ್ದೆ.

ಇಲ್ಲೊಂದು ಮಾತು. ಫೋಮ್ ಮೇಲೆ ಫೈಬರ್ ಗ್ಲಾಸ್ ಹಾಕುವಾಗ ಪಾಲಿಯೆಸ್ಟರ್ ರೆಸಿನ್ ಮುಟ್ಲೇಬೇಡಿ, ಅದರಲ್ಲಿರೋ ಸ್ಟೈರೀನ್ ಪಾಲಿಸ್ಟೈರೀನ್ ಫೋಮನ್ನ ಕರಗಿಸಿ ತಿಂದುಹಾಕುತ್ತೆ. ಎಪಾಕ್ಸಿನೇ ಬೇಕು. ಸ್ಪ್ರೇ ಡಬ್ಬಿ ಬಣ್ಣಗಳೂ ಹಂಗೇ, ಬರೀ ಫೋಮ್‌ಗೆ ತಾಗಿದ್ರೆ ಹೊಂಡ ಬೀಳುತ್ತೆ.

ರೆಕ್ಕೆ ಫೋಮಿಂದ ಹಾಟ್ ವೈರಲ್ಲಿ ಕತ್ತರಿಸಿದ್ದು. ಬುಡದಲ್ಲೊಂದು ತುದಿಯಲ್ಲೊಂದು ಪ್ಲೈ ಟೆಂಪ್ಲೇಟ್ ಚುಚ್ಚಿ, ಕಾದ ನೈಕ್ರೋಮ್ ತಂತೀನ ಎರಡರ ಮೇಲೂ ಜಾರಿಸ್ಕೊಂಡು ಹೋಗೋದು. ಬುಡ ಅಗಲ, ತುದಿ ಕಿರಿದು, ಆದ್ರೆ ತಂತಿ ಎರಡು ಕಡೆನೂ ಒಟ್ಟಿಗೇ ಶುರುವಾಗಿ ಒಟ್ಟಿಗೇ ಮುಗೀಬೇಕು, ಅಂದ್ರೆ ತುದಿ ಹಿಡಿದವರು ಮೆಲ್ಲಗೆ ಹೋಗ್ಬೇಕು. ಎರಡೂ ಟೆಂಪ್ಲೇಟನ್ನ ಸಮನಾಗಿ ಹತ್ತು ಭಾಗ ಮಾಡಿ ನಂಬರ್ ಬರ್ಕೊಂಡು, ಒಬ್ರು ಜೋರಾಗಿ ಮೂರು, ನಾಲ್ಕು, ಐದು ಅಂತ ಕೂಗ್ತಾ ಹೋದ್ರೆ ಆಯ್ತು. ನಿಂತು ಯೋಚ್ನೆ ಮಾಡೋ ಹಂಗಿಲ್ಲ, ತಂತಿ ನಿಂತ ಜಾಗದಲ್ಲಿ ಗುಳಿ. ಮೇಲೆ 1.5 ಮಿಮೀ ಬಾಲ್ಸಾ ಶೀಟು.

ಹಂಟರ್ ರೆಕ್ಕೆ ತುದಿ ಬುಡಕ್ಕಿಂತ ಸ್ವಲ್ಪ ಕೆಳಗೆ ಇಳಿದಿರುತ್ತೆ, ಆನ್‌ಹೆಡ್ರಲ್ ಅಂತಾರೆ, ತುಂಬಾ ಕಮ್ಮಿ, ಅದಕ್ಕೇ ಜನ ಮರೀತಾರೆ. ಈ ಸೈಜಲ್ಲಿ ಒಂದೇ ಒಂದು ಡಿಗ್ರಿ ತಪ್ಪಿದ್ರೂ ತುದಿ ಹತ್ರ ಸುಮಾರು 8 ಮಿಮೀ ವ್ಯತ್ಯಾಸ, ಎದುರಿಂದ ನೋಡಿದವರಿಗೆ ಏನೋ ಸರಿಯಿಲ್ಲ ಅಂತ ತಕ್ಷಣ ಗೊತ್ತಾಗುತ್ತೆ, ಏನು ಅಂತ ಹೇಳೋಕೆ ಬರಲ್ಲ ಅಷ್ಟೇ. ರೆಕ್ಕೆ ಕೂರ್ಸೋಕೆ ಮುಂಚೆ ಎರಡೂ ತುದಿಗೆ ಒಂದೇ ಎತ್ತರದ ಮರದ ತುಂಡು ಮಾಡ್ಕೊಂಡು, ಬಾಡೀನ ಮಟ್ಟಗೋಲಲ್ಲಿ ನೆಟ್ಟಗೆ ನಿಲ್ಸಿ, ಆಮೇಲೆ ಅಂಟು.

ಈಗ ನಿಜವಾದ ತಲೆನೋವು, ಎಂಜಿನ್‌ಗೆ ಗಾಳಿ ಹೋಗೋ ಬಾಯಿ, ಅಂದ್ರೆ ಇಂಟೇಕ್. ಅಮೆರಿಕದ ಸೇಬರ್ ತರದ ಫೈಟರ್ ಜೆಟ್ಟಲ್ಲಿ ಇಂಟೇಕ್ ಮೂಗಲ್ಲೇ ಇರುತ್ತೆ, ಹಂಟರಲ್ಲಿ ರೆಕ್ಕೆ ಬಾಡಿಗೆ ಸೇರೋ ಬುಡದಲ್ಲೇ, ಎರಡು ಕಡೆ ತ್ರಿಕೋನಾಕಾರದ ಬಾಯಿ. ಅಲ್ಲಿ ರೆಕ್ಕೆ ದಪ್ಪ ಆಗ್ತಾ ಬರುತ್ತೆ, ಬಾಡಿ ಪಕ್ಕಕ್ಕೆ ಉಬ್ಬುತ್ತೆ, ಬಾಯಿಯ ತುಟಿ ಮೇಲಿಂದ ಕೆಳಕ್ಕೆ ದುಂಡಗೆ ಸುತ್ತಿ ಬರುತ್ತೆ, ಈ ಮೂರೂ ಒಂದರೊಳಗೊಂದು ಕರಗ್ಬೇಕು, ಯಾವ ಡ್ರಾಯಿಂಗಲ್ಲೂ ಆ ಜಾಗದ ಕ್ರಾಸ್ ಸೆಕ್ಷನ್ ಸಮಾಧಾನ ಆಗೋ ಹಾಗೆ ಸಿಗ್ಲಿಲ್ಲ. ಕೊನೆಗೆ ಪುಟ್ಟಿ, ಕಣ್ಣು, ಬೆರಳು. ಆದ್ರೆ ಅದಕ್ಕೂ ಮುಂಚೆ ಒಳಗಿನ ಕೊಳವೆ ಮಾಡ್ಕೋಬೇಕು, ಹೊರಗಡೆ ಮುಗ್ಸಿ ಆಮೇಲೆ ಒಳಗೆ ಕೈ ಹಾಕ್ತೀನಿ ಅಂದ್ರೆ ಆಗಲ್ಲ. ಬಾಲ್ಸಾದಲ್ಲಿ ಕೊಳವೆಯ ಟೊಳ್ಳಿನ ಆಕಾರವನ್ನೇ ಗಟ್ಟಿಯಾಗಿ ಕೆತ್ತಿ, ಸೀಲ್ ಮಾಡಿ, ಮೇಣ ಹಚ್ಚಿ, ಅದರ ಮೇಲೆ ಗ್ಲಾಸ್ ಬಟ್ಟೆ ಮತ್ತು ಎಪಾಕ್ಸಿ ಎರಡು ಪದರ, ಒಣಗಿದ್ಮೇಲೆ ಉದ್ದಕ್ಕೆ ಸೀಳಿ ತೆಗೆದು ವಾಪಸ್ ಜೋಡಿಸ್ದೆ. ಎಡ ಬಲ ಎರಡೂ ಒಂದೇ ಅಲ್ಲ, ಕನ್ನಡಿ ಬಿಂಬ, ಹಾಗಾಗಿ ಅಚ್ಚೂ ಎರಡು ಬೇಕು. ಒಳಗಡೆ ಹಿಂದಕ್ಕೆ ಹೋಗ್ತಾ ಹೋಗ್ತಾ ಮ್ಯಾಟ್ ಕಪ್ಪು ಹೊಡೆದ್ರೆ ಕೊಳವೆ ಎಲ್ಲಿ ಮುಗಿಯುತ್ತೆ ಅಂತ ಕಾಣಲ್ಲ. ಎರಡೂ ಬಾಯಿಗಳು ಒಂದೇ ಥರ ಇದಾವಾ ಅಂತ ನೋಡೋಕೆ ಸುಲಭ ಉಪಾಯ, ಎದುರಿಂದ ಫೋಟೋ ತೆಗೆದು ಫೋನಲ್ಲಿ ಮಿರರ್ ಮಾಡಿ ಎರಡನ್ನೂ ಹಿಂದೆ ಮುಂದೆ ಸರಿಸಿ ನೋಡೋದು. ಕಣ್ಣು ಒಗ್ಗಿಹೋಗಿರುತ್ತೆ, ಮಿರರ್ ಮಾಡಿದ ತಕ್ಷಣ ಸೊಟ್ಟ ಎಲ್ಲಾ ಎದ್ದು ಕಾಣುತ್ತೆ. ಈ ಬುಡದ ಜಾಗಕ್ಕೇ ಉಳಿದ ಇಡೀ ಬಾಡಿಗೆ ಹಿಡಿದಷ್ಟು ಸಮಯ ಹಿಡೀತು ಅಂದ್ರೆ ಉತ್ಪ್ರೇಕ್ಷೆ ಅಲ್ಲ.

ಇದಾದ್ಮೇಲೆ ಚದರ ಮೀಟರಿಗೆ 49 ಗ್ರಾಂ ತೂಗೋ ಗ್ಲಾಸ್ ಬಟ್ಟೆ ಮೈತುಂಬಾ. ಎಪಾಕ್ಸಿ ಜಾಸ್ತಿ ಸುರಿಯೋದಲ್ಲ, ಹಳೇ ಎಟಿಎಂ ಕಾರ್ಡಲ್ಲಿ ಎಳೆದೆಳೆದು ಮಿಕ್ಕಿದ್ದು ತೆಗೀಬೇಕು, ಬಟ್ಟೆ ನೇಯ್ಗೆ ಸ್ವಲ್ಪ ಕಾಣೋ ಹಾಗಿದ್ರೆ ಸರಿಯಾಗಿದೆ ಅಂತ. ನೇಯ್ಗೆ ತುಂಬೋದು ಪ್ರೈಮರ್ ಕೆಲಸ. ಆಮೇಲೆ ಉಜ್ಜೋದು, ಉಜ್ಜೋದು, ಉಜ್ಜೋದು. ಬರೀ ಬೆರಳಲ್ಲಿ ಎಮರಿ ಪೇಪರ್ ಹಿಡ್ಕೊಂಡು ಉಜ್ಜಿದ್ರೆ ಬೆರಳಿನ ಅಗಲಕ್ಕೆ ಹಳ್ಳ ಬೀಳುತ್ತೆ, ಉದ್ದನೆ ಪಟ್ಟಿಗೆ ಅಂಟಿಸಿ ಉಜ್ಜಿ, ದುಂಡಗಿನ ಜಾಗಕ್ಕೆ ಬಾಗೋ ಪ್ಲಾಸ್ಟಿಕ್ ಪಟ್ಟಿ. ಪೇಪರ್ ನಂಬರ್ ಮೊದಲು 240, ಆಮೇಲೆ 400, 600. ಪ್ರೈಮರ್ ಮೇಲೆ ಕಪ್ಪು ಸ್ಪ್ರೇನ ದೂರದಿಂದ ಹನಿಹನಿಯಾಗಿ ಹಾರಿಸಿ ಉಜ್ಜಿದ್ರೆ ಎತ್ತರದ ಜಾಗದಲ್ಲಿ ಕಪ್ಪು ಹೋಗುತ್ತೆ, ತಗ್ಗಲ್ಲಿ ಉಳಿಯುತ್ತೆ, ಎಲ್ಲಿ ಪುಟ್ಟಿ ಬೇಕು ಅಂತ ಅದೇ ತೋರಿಸುತ್ತೆ. ಮಾಸ್ಕ್ ಹಾಕ್ಕೊಳ್ಳಿ, ಗಾಜಿನ ಪುಡಿ ಅದು, ಪ್ರೈಮರ್ ಹಂತದಲ್ಲಿ ನೀರು ಹಾಕಿ ಉಜ್ಜೋದು ಇನ್ನೂ ಒಳ್ಳೇದು.

ಪ್ಯಾನೆಲ್ ಲೈನಿಗೆ, ಅಂದ್ರೆ ಮೈಯ ತಗಡುಗಳು ಸೇರೋ ಗೆರೆಗಳಿಗೆ, ಗೀರು ಹಾಕಿಲ್ಲ ನಾನು. ಸಣ್ಣ ಫೈನ್‌ಲೈನ್ ಟೇಪ್‌ನ ಗೆರೆ ಬರೋ ಜಾಗದಲ್ಲಿ ಅಂಟಿಸಿ, ಮೇಲೆ ಎರಡು ಮೂರು ಕೋಟ್ ಪ್ರೈಮರ್ ಹೊಡೆದು, ಹದವಾಗಿ ಉಜ್ಜಿ ಟೇಪ್ ಕಿತ್ರೆ ಚೊಕ್ಕವಾದ ಸಣ್ಣ ತೋಡು ಉಳಿಯುತ್ತೆ. ರಿವೆಟ್ ವಿಷಯಕ್ಕೆ ಬಂದ್ರೆ, ನನ್ನ ಜೊತೆ ಜಗಳ ಆಡೋರು ಇದಾರೆ, ಆದ್ರೂ ಹೇಳ್ತೀನಿ. ನಿಜವಾದ ಹಂಟರ್ ಮೈಮೇಲಿನ ರಿವೆಟ್ಟುಗಳು ಫ್ಲಶ್, ಅಂದ್ರೆ ಮೈಮಟ್ಟಕ್ಕೇ ಕೂತಿರೋವು, ಮೇಲೆ ದಪ್ಪ ಬಣ್ಣ, ನಾಲ್ಕು ಹೆಜ್ಜೆ ದೂರ ನಿಂತ್ರೆ ಕಾಣೋದೇ ಕಷ್ಟ, ಅಂಥದ್ದನ್ನ 1/10ರಲ್ಲಿ ಸಾವಿರಗಟ್ಲೆ ಚುಕ್ಕಿ ಇಟ್ಟು ತೋರಿಸೋದು ನಿಜ ಅಲ್ಲ, ಶೋಕಿ. ಪದೇ ಪದೇ ಬಿಚ್ಚೋ ಮುಚ್ಚಳಗಳ ಸ್ಕ್ರೂ ಮಾತ್ರ ತೋರಿಸ್ದೆ. ಅದರಲ್ಲೂ ಮೂಗಿನ ಕೆಳಗಿನ ಗನ್ ಪ್ಯಾಕ್, ನಾಲ್ಕು 30 ಮಿಮೀ ಏಡನ್ ತೋಪು ಗುಂಡುಗಳ ಸಮೇತ ಒಂದೇ ಡಬ್ಬಿಯಾಗಿ ಕೆಳಗಿಳಿಯೋದು, ನಳಿಗೆ ಮಾತ್ರ ವಿಮಾನದಲ್ಲೇ ಉಳಿಯೋದು, ಆ ಡಬ್ಬಿ ಅಂಚಿನ ಗೆರೆ ಸ್ವಲ್ಪ ಗಾಢವಾಗಿ ಬಂದ್ರೆ ಚೆಂದ. ಬಾಲದ ಕಡೆ ಹೊಟ್ಟೆ ಕೆಳಗಿರೋ ಏರ್‌ಬ್ರೇಕ್ (ಗಾಳಿಗೆ ಅಡ್ಡ ತೆರೆದು ವೇಗ ತಗ್ಗಿಸೋ ಹಲಗೆ) ಬೇರೆ ತುಂಡಾಗಿ ಮಾಡಿ ಅಂಟಿಸ್ದೆ. ಮೊದಲ ಡಿಸೈನಲ್ಲಿ ಅದು ಇರ್ಲೇ ಇಲ್ಲ, ಆಮೇಲೆ ಹೊರಗಿಂದ ಸೇರ್ಸಿದ್ದು, ನೋಡಿದ್ರೂ ಹೊರಗಿಂದ ಸೇರ್ಸಿದ ಹಾಗೇ ಕಾಣ್ಬೇಕು.

ಕ್ಯಾನೊಪಿಗೆ, ಅಂದ್ರೆ ಕಾಕ್‌ಪಿಟ್ ಮೇಲಿನ ಪಾರದರ್ಶಕ ಮುಚ್ಚಳಕ್ಕೆ, ಮರದ ಅಚ್ಚು, ಪ್ಲಾಸ್ಟಿಕ್ ಶೀಟ್ ದಪ್ಪ ಎಷ್ಟೋ ಅಷ್ಟು ಸುತ್ತಲೂ ಚಿಕ್ಕದು ಮಾಡ್ಬೇಕು, ಇಲ್ಲಾಂದ್ರೆ ಕೂರ್ಸುವಾಗ ದೊಡ್ಡದಾಗಿ ಬರುತ್ತೆ. 1 ಮಿಮೀ ಪಿಇಟಿಜಿ ಶೀಟ್ ಮರದ ಫ್ರೇಮಿಗೆ ಬಿಗಿದು ಕಾಯಿಸಿ, ಜೋಲು ಬಿದ್ದಾಗ ಅಚ್ಚಿನ ಮೇಲೆ ಎಳೆಯೋದು. ಅಚ್ಚಿನ ಮೇಲೆ ಮರದ ನಾರಿನ ಗುರುತಿದ್ರೆ ಅದೂ ಅಚ್ಚಾಗುತ್ತೆ, ಕನ್ನಡಿ ಥರ ಪಾಲಿಶ್ ಆಗಿರ್ಬೇಕು.

ಚಕ್ರದ ಕಾಲುಗಳು ಹಿತ್ತಾಳೆ ಪೈಪು, ಒಂದರೊಳಗೊಂದು ಕೂರೋ ಸೈಜಲ್ಲಿ, ಒಳಗೆ ಸ್ಟೀಲ್ ಸರಳು, ಸಿಲ್ವರ್ ಬೆಸುಗೆ. ಮಾಡೆಲ್ ಐದು ಕೆಜಿ ಹತ್ತಿರ ತೂಗುತ್ತೆ, ವರ್ಷಗಟ್ಲೆ ಅದೇ ಕಾಲ ಮೇಲೆ ನಿಂತಿರ್ಬೇಕು, ಪ್ಲಾಸ್ಟಿಕ್ ಆದ್ರೆ ಮೆಲ್ಲಗೆ ಬಾಗುತ್ತೆ. ಮೂಗು ಮುಚ್ಚೋಕೆ ಮುಂಚೆ ಸೀಸ ತುಂಬಿ, ಹಿಂದಿನ ಎರಡು ಚಕ್ರಕ್ಕಿಂತ ತೂಕ ಮುಂದಕ್ಕೆ ಬರೋ ಹಾಗೆ, ಇಲ್ಲಾಂದ್ರೆ ಬಾಲ ಊರಿ ಕೂರುತ್ತೆ. ಎಷ್ಟು ಸೀಸ ಅಂತ ಲೆಕ್ಕ ಹಾಕೋದಕ್ಕಿಂತ ಎಲ್ಲಾ ಭಾಗಗಳನ್ನ ಟೇಪಲ್ಲಿ ಅಂಟಿಸಿ, ಚಕ್ರ ಬರೋ ಜಾಗಕ್ಕೆ ಒಂದು ದುಂಡು ಕೋಲು ಕೊಟ್ಟು, ಮೂಗಿಗೆ ಚೀಲ ನೇತು ಹಾಕಿ ಸೀಸ ಹಾಕ್ತಾ ನೋಡೋದು ಸುಲಭ, ಆಮೇಲೆ ಬಣ್ಣದ ತೂಕಕ್ಕೆ ಅಂತ ಇನ್ನೊಂದಿಷ್ಟು.

ಕಪ್ಪು ಬಣ್ಣ ಮೂರು ತೆಳು ಕೋಟ್, 2000 ಪೇಪರಲ್ಲಿ ನೀರು ಹಾಕಿ ಉಜ್ಜಿ, ಪಾಲಿಶ್. ಒಂದು ಎಚ್ಚರಿಕೆ, ರೂಮಿನ ಶಾಖದಲ್ಲೇ ಗಟ್ಟಿಯಾಗೋ ಎಪಾಕ್ಸಿಗಳಲ್ಲಿ ಬಹಳಷ್ಟು 50-60 ಡಿಗ್ರಿ ಹತ್ತಿರ ಮೆತ್ತಗಾಗೋಕೆ ಶುರು ಆಗುತ್ತೆ, ಕಪ್ಪು ಮೈ ಬಿಸಿಲಲ್ಲಿ ಆ ಶಾಖವನ್ನ ಬೇಗ ಮುಟ್ಟುತ್ತೆ, ಆವಾಗ ಒಳಗಿನ ಬಟ್ಟೆ ನೇಯ್ಗೆ ಬಣ್ಣದ ಮೇಲೆ ಮೂಡುತ್ತೆ. ಹಾಗಾಗಿ ಫೋಟೋ ತೆಗೆಯೋಕೆ ಅಂತ ಹೊರಗಿಟ್ರೂ ನೆರಳಲ್ಲೇ. ಗುರುತುಗಳಿಗೆ ಸ್ಟಿಕ್ಕರ್ ಬೇಡ, ಈ ಸೈಜಲ್ಲಿ ಅಂಚು ಕಾಣುತ್ತೆ, ಮಾಸ್ಕ್ ಕತ್ತರಿಸಿ ಸ್ಪ್ರೇ ಮಾಡಿ. ಆಮೇಲೆ ರೆಕ್ಕೆಗಳನ್ನ ಬಾಡಿಗೆ ಖಾಯಂ ಅಂಟಿಸ್ಬೇಕೋ ಬಿಚ್ಚೋ ಹಾಗೆ ಇಡ್ಬೇಕೋ ಅಂತ ಬಹಳ ಜನ ಕೇಳ್ತಾರೆ. ಬಿಚ್ಚೋ ಹಾಗಿದ್ರೆ ಸಾಗಿಸೋಕೆ ಸುಲಭ, ಆದ್ರೆ ಹಂಟರಲ್ಲಿ ಜೋಡಣೆಯ ಸಂದು ಬರೋದು ಸರಿಯಾಗಿ ಆ ಇಂಟೇಕ್ ಬುಡದಲ್ಲೇ, ಅಷ್ಟು ಕಷ್ಟಪಟ್ಟು ಕರಗಿಸಿದ ಜಾಗದಲ್ಲಿ ಒಂದು ಗೆರೆ ಉಳಿಯೋದು ನನಗೆ ಒಪ್ಪಿಗೆ ಆಗ್ಲಿಲ್ಲ, ಖಾಯಂ ಅಂಟಿಸ್ದೆ. ಕಟ್ಟೋಕೆ ಶುರು ಮಾಡೋ ಮುಂಚೆ ಬಾಗಿಲ ಅಗಲ ಅಳೆದಿಟ್ಕೊಂಡಿದ್ದೆ, ಸ್ವಲ್ಪ ವಾಲಿಸಿ ಹಿಡಿದ್ರೆ ಆಚೆ ಬರುತ್ತೆ.